ಮನೆಗೊಂದು ದೊಡ್ಡಪತ್ರೆ: ಬೆಳೆಸುವ ಕ್ರಮ, ಬಳಸುವ ಮಿತಿ



ನಾನು ಈ ಹಿಂದೆ ಕರ್ತವ್ಯ ನಿರ್ವಹಿಸಿದ, ಮಂಗಳೂರು ನಗರದ ಅಂಚಿನಲ್ಲಿರುವ ಗ್ರಾಮ ಪಂಚಾಯತ್‌ನಲ್ಲಿ ಒಂದು ವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ಮನೆಮನೆಗೆ ಔಷಧೀಯ ಸಸಿಗಳನ್ನು ವಿತರಿಸಿದ್ದೆವು. ಸಸಿಯೊಂದಿಗೆ ಒಂದು ಪ್ಲಾಸ್ಟಿಕ್ ಕುಂಡ, ಅದರ ಕೆಳಗಿಡಲು ಒಂದು ತಟ್ಟೆ. ಕಾರ್ಯಕ್ರಮ ಅಚ್ಚುಕಟ್ಟಾಗಿ ನಡೆಯಿತು, ಛಾಯಾಚಿತ್ರಗಳನ್ನು ತೆಗೆಯಲಾಯಿತು, ವರದಿ ಕಳುಹಿಸಲಾಯಿತು. ಆಗಸ್ಟ್ ತಿಂಗಳಿನಲ್ಲಿ ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ತೆರಳಿದಾಗ ಸೊಳ್ಳೆಯ ಮರಿಗಳು ದೊರೆತದ್ದು ಚರಂಡಿಯಲ್ಲಲ್ಲ, ನಾವೇ ಹಂಚಿದ ಕುಂಡಗಳ ಕೆಳಗಿನ ತಟ್ಟೆಗಳಲ್ಲಿ. ಸಸಿಗಳ ಪೈಕಿ ಹೆಚ್ಚಿನವು ಅಷ್ಟರಲ್ಲಿ ಬೇರು ಕೊಳೆತು ಸತ್ತಿದ್ದವು. ತಟ್ಟೆಗಳು ಮಾತ್ರ ಉಳಿದಿದ್ದವು.

ಅದೇ ಮಳೆಗಾಲದಲ್ಲಿ ಇನ್ನೊಂದು ಘಟನೆ ನಡೆಯಿತು. ಒಂಬತ್ತು ತಿಂಗಳ ಮಗುವೊಂದಕ್ಕೆ ಕೆಮ್ಮು ಆರಂಭವಾಗಿ ಎರಡು ದಿನ ದೊಡ್ಡಪತ್ರೆಯ ರಸವನ್ನು ಜೇನುತುಪ್ಪದೊಂದಿಗೆ ನೆಕ್ಕಿಸಲಾಗಿತ್ತು. ಬೇರೆ ಕೆಲಸಕ್ಕೆಂದು ಆ ಮನೆಗೆ ಬಂದ ಆಶಾ ಕಾರ್ಯಕರ್ತೆ ಮಗುವಿನ ಅಂಗಿಯನ್ನು ಮೇಲೆತ್ತಿ ಒಂದು ನಿಮಿಷ ಉಸಿರು ಎಣಿಸಿದರು. 58 ಬಂದಿತು. ಆ ವಯಸ್ಸಿಗೆ 50 ದಾಟಿದರೆ ನ್ಯುಮೋನಿಯಾ ಎಂದು ಶಂಕಿಸಬೇಕು. 108 ವಾಹನ ಕರೆಸಿ ಮಗುವನ್ನು ಆಸ್ಪತ್ರೆಗೆ ಸೇರಿಸಲಾಯಿತು. ಐದು ದಿನಗಳ ಬಳಿಕ ಮಗು ಆರೋಗ್ಯವಾಗಿ ಮನೆಗೆ ಮರಳಿತು. ತಾಯಿಯ ಅಕ್ಕರೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆಕೆಗೆ ಗಿಡವನ್ನು ಕೊಟ್ಟಿದ್ದ ನಾವು ಅದರ ಮಿತಿಯನ್ನು ತಿಳಿಸಿರಲಿಲ್ಲ.

ಈ ಎರಡು ಅನುಭವಗಳಿಂದ ಔಷಧೀಯ ಗಿಡಗಳನ್ನು ಹಂಚುವುದೇ ಬೇಡವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ದೊಡ್ಡಪತ್ರೆಯು ಪ್ರತಿ ಮನೆಯಲ್ಲಿಯೂ ಇರಬೇಕಾದ, ಹಣ ವೆಚ್ಚವಿಲ್ಲದೆ ಬೆಳೆಯುವ ಗಿಡ. ಆದರೆ ಗಿಡದ ಜೊತೆಗೆ ಎರಡು ನಿಯಮಗಳೂ ಮನೆಗೆ ತಲುಪಬೇಕು: ಕುಂಡದ ಕೆಳಗೆ ನೀರು ನಿಲ್ಲಬಾರದು, ಎಲೆಯ ರಸವನ್ನು ನಂಬಿ ವೈದ್ಯರ ಬಳಿಗೆ ಹೋಗುವುದು ತಡವಾಗಬಾರದು. ಇವುಗಳನ್ನು ವಿವರವಾಗಿ ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಗುರುತು ಮತ್ತು ಹೆಸರು

ದೊಡ್ಡಪತ್ರೆಯು ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಎಲೆಗಳು ದಪ್ಪವಾಗಿ, ರಸಭರಿತವಾಗಿ, ಮೃದುವಾದ ರೋಮಗಳಿಂದ ಕೂಡಿದ್ದು ಕಾಂಡದ ಮೇಲೆ ಎದುರು ಬದುರಾಗಿ ಜೋಡಿಸಲ್ಪಟ್ಟಿರುತ್ತವೆ. ಅಂಚಿನಲ್ಲಿ ಮೊಂಡಾದ ಹಲ್ಲುಗಳಿರುತ್ತವೆ. ಎಲೆಯನ್ನು ಬೆರಳುಗಳ ನಡುವೆ ಹಿಸುಕಿದರೆ ಓಮದ ಘಾಟು ಹೊಮ್ಮುತ್ತದೆ. ಈ ವಾಸನೆಯೇ ಗಿಡದ ಪ್ರಮುಖ ಗುರುತು. ರಸ್ತೆ ಬದಿಯ ಲಂಟಾನದ ಎಲೆಯೂ ಒರಟಾಗಿ, ಘಾಟಾಗಿ ಇರುತ್ತದೆ. ಆದರೆ ಅದರ ಕಾಂಡದಲ್ಲಿ ಮುಳ್ಳುಗಳಿರುತ್ತವೆ, ಎಲೆ ತೆಳುವಾಗಿರುತ್ತದೆ ಮತ್ತು ಅದು ವಿಷಕಾರಿ. ದಪ್ಪ ಎಲೆ, ಮುಳ್ಳಿಲ್ಲದ ಕಾಂಡ, ಓಮದ ವಾಸನೆ ಈ ಮೂರೂ ಕೂಡಿದ್ದರೆ ಮಾತ್ರ ಅದನ್ನು ದೊಡ್ಡಪತ್ರೆ ಎಂದು ಒಪ್ಪಬೇಕು.

ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಗೊಂದಲವಿದೆ. ಇದನ್ನು ಸಾಂಬ್ರಾಣಿ ಸೊಪ್ಪು, ಸಾಂಬಾರ ಬಳ್ಳಿ, ಸಾವಿರ ಸಾಂಬಾರ ಎಂದೆಲ್ಲ ಕರೆಯುತ್ತಾರೆ. ಧೂಪಕ್ಕೆ ಹಾಕುವ ಸಾಂಬ್ರಾಣಿ ಮರದ ಅಂಟು. ಅದಕ್ಕೂ ಈ ಸೊಪ್ಪಿಗೂ ಸಂಬಂಧವಿಲ್ಲ. ಪಲ್ಯಕ್ಕೆ ಬಳಸುವ ಸಾಂಬ್ರಾಣಿ ಗಡ್ಡೆ ಬೇರೊಂದು ಗಿಡವಾದರೂ ಇದರ ನಿಕಟ ಬಂಧು. ಗಡಿಯಾಚೆಯ ಮಲಯಾಳದಲ್ಲಿಯೂ ಇದೇ ಬಗೆಯ ಹೆಸರಿನ ನಂಟಿದೆ: ಗಡ್ಡೆಗೆ ಕೂರ್ಕ, ಸೊಪ್ಪಿಗೆ ಪನಿಕೂರ್ಕ. ಅಲ್ಲಿ ಪನಿ ಎಂದರೆ ಜ್ವರ. ತಲಪಾಡಿ, ಮಂಜೇಶ್ವರ ಭಾಗದ ಮನೆಗಳಲ್ಲಿ ಎರಡೂ ಹೆಸರುಗಳು ಪರಿಚಿತ. ತಮಿಳಿನಲ್ಲಿ ಇದು ಕರ್ಪೂರವಳ್ಳಿ. ವೈಜ್ಞಾನಿಕವಾಗಿ ಇದನ್ನು ಮೊದಲು ವಿವರಿಸಿದವರು ಪೋರ್ಚುಗೀಸ್ ಪಾದ್ರಿ ಮತ್ತು ಸಸ್ಯಶಾಸ್ತ್ರಜ್ಞ ಜೊವಾವ್ ದೆ ಲೌರೇರೊ, 1790ರಲ್ಲಿ. ಅವರು ಕೊಟ್ಟ ಹೆಸರು ಕೋಲಿಯಸ್ ಅಂಬೋಯ್ನಿಕಸ್. ಇಂಡೋನೇಷ್ಯಾದ ಅಂಬೋನ್ ದ್ವೀಪದಿಂದ ಬಂದ ಈ ಹೆಸರು ನಡುವೆ ಪ್ಲೆಕ್ಟ್ರಾಂಥಸ್ ಅಂಬೋಯ್ನಿಕಸ್ ಎಂದು ಬದಲಾಗಿ, ಈಗ ಪುನಃ ಮೊದಲಿನ ರೂಪದಲ್ಲಿ ಬಳಕೆಗೆ ಬಂದಿದೆ. ಆದ್ದರಿಂದ ಪುಸ್ತಕಗಳಲ್ಲಿ ಎರಡು ಹೆಸರುಗಳು ಕಂಡರೂ ಗಿಡ ಒಂದೇ.

ಎಲೆಯಲ್ಲಿ ಏನಿದೆ

ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ಸುಗಂಧ ತೈಲವಿರುತ್ತದೆ. ಅದರ ಮುಖ್ಯ ಘಟಕಗಳು ಕಾರ್ವಕ್ರಾಲ್ ಮತ್ತು ಥೈಮಾಲ್. ಓಮಕ್ಕೆ ಅದರ ಘಾಟನ್ನು ಕೊಡುವುದೂ ಥೈಮಾಲ್ ಆದ ಕಾರಣ ಎರಡರ ವಾಸನೆಯೂ ಒಂದೇ ಬಗೆಯದು. ಈ ಘಟಕಗಳು ಪ್ರಯೋಗಾಲಯದಲ್ಲಿ ಅನೇಕ ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುತ್ತವೆ. ಆದರೆ ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಾಣು ಸತ್ತಿತೆಂದ ಮಾತ್ರಕ್ಕೆ ಮಗುವಿನ ಶ್ವಾಸಕೋಶದೊಳಗಿನ ಸೋಂಕು ಗುಣವಾಗುತ್ತದೆ ಎಂದು ಹೇಳಲಾಗದು. ನುಂಗಿದ ರಸದಲ್ಲಿ ತೈಲದ ಪ್ರಮಾಣ ಎಷ್ಟು, ಅದರಲ್ಲಿ ರಕ್ತಕ್ಕೆ ಸೇರುವುದೆಷ್ಟು, ಸೋಂಕಿನ ಸ್ಥಳಕ್ಕೆ ತಲುಪುವುದೆಷ್ಟು ಎಂಬ ಪ್ರಶ್ನೆಗಳು ನಡುವೆ ಉಳಿಯುತ್ತವೆ.

ಈ ಅಂತರವನ್ನು ಕ್ರಮಬದ್ಧವಾಗಿ ದಾಟಿದ ಒಂದು ಉದಾಹರಣೆಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ತೈವಾನಿನಲ್ಲಿ ದೊಡ್ಡಪತ್ರೆ ಮತ್ತು ಒಂದೆಲಗ, ಅಂದರೆ ನಮ್ಮ ತಂಬುಳಿಯ ಎರಡು ಸೊಪ್ಪುಗಳ ಸಾರದಿಂದ ಮಧುಮೇಹಿಗಳ ಪಾದದ ಹುಣ್ಣಿಗೆ ಹಚ್ಚುವ ಮುಲಾಮನ್ನು ಸಿದ್ಧಪಡಿಸಲಾಯಿತು. 236 ರೋಗಿಗಳ ಮೇಲೆ ನಡೆದ ಮೂರನೇ ಹಂತದ ಪ್ರಯೋಗದ ಫಲಿತಾಂಶವು 2021ರಲ್ಲಿ ಪ್ರಕಟವಾಯಿತು. 16 ವಾರಗಳ ಚಿಕಿತ್ಸೆಯಲ್ಲಿ ಮುಲಾಮು ಹಚ್ಚಿದವರಲ್ಲಿ ಶೇ. 60.7ರಷ್ಟು ಜನರ ಹುಣ್ಣು ಸಂಪೂರ್ಣವಾಗಿ ಮುಚ್ಚಿತು. ಸಾಮಾನ್ಯ ಹೀರಿಕೆ ಪಟ್ಟಿ ಕಟ್ಟಿದವರಲ್ಲಿ ಈ ಪ್ರಮಾಣ ಶೇ. 35.1 ಮಾತ್ರ. ಅದೇ ವರ್ಷ ತೈವಾನಿನಲ್ಲಿ ಆ ಮುಲಾಮಿಗೆ ಔಷಧವಾಗಿ ಅನುಮೋದನೆ ದೊರೆಯಿತು.

ನಮ್ಮ ಹಿತ್ತಲಿನ ಗಿಡಕ್ಕೆ ಇಂತಹ ಮನ್ನಣೆ ದೊರೆತದ್ದು ಸಂತೋಷದ ವಿಷಯ. ಆದರೆ ಆ ಮುಲಾಮಿನಲ್ಲಿರುವುದು ಶುದ್ಧೀಕರಿಸಿ, ಪ್ರಮಾಣ ನಿಗದಿಪಡಿಸಿ, ಸೋಂಕುರಹಿತವಾಗಿ ತಯಾರಿಸಿದ ಸಾರ. ಹಿತ್ತಲಿನ ಎಲೆಯನ್ನು ಜಜ್ಜಿ ಮಧುಮೇಹಿಯ ಹುಣ್ಣಿಗೆ ಕಟ್ಟಿದರೆ ಎಲೆಯ ಮೇಲಿನ ಮಣ್ಣು ಮತ್ತು ಸೂಕ್ಷ್ಮಾಣುಗಳೂ ಹುಣ್ಣಿನೊಳಗೆ ಸೇರುತ್ತವೆ. ಪಾದವನ್ನೇ ಕಳೆದುಕೊಳ್ಳುವ ಅಪಾಯವಿರುವ ಆ ರೋಗಿಗಳಿಗೆ ಇದನ್ನು ಯಾರೂ ಸಲಹೆ ಮಾಡಬಾರದು.

ಬೆಳೆಸುವ ಕ್ರಮ

ದೊಡ್ಡಪತ್ರೆಗೆ ಬೀಜ ಬೇಕಿಲ್ಲ. ನಮ್ಮಲ್ಲಿ ಇದು ಹೂ ಬಿಡುವುದೇ ಅಪರೂಪ. ಕಾಂಡದ ತುಂಡಿನಿಂದಲೇ ವೃದ್ಧಿಯಾಗುತ್ತದೆ. ತೀರ ಎಳೆಯದೂ ಅಲ್ಲದ, ಮರದಂತೆ ಗಟ್ಟಿಯಾಗಿಯೂ ಇರದ ಕಾಂಡದಿಂದ ನಾಲ್ಕರಿಂದ ಆರು ಅಂಗುಲ ಉದ್ದದ ತುಂಡನ್ನು ಒಂದು ಗಿಣ್ಣಿನ ಕೆಳಭಾಗದಲ್ಲಿ ಕತ್ತರಿಸಬೇಕು. ತುದಿಯ ಎರಡು ಜೊತೆ ಎಲೆಗಳನ್ನು ಉಳಿಸಿ ಕೆಳಗಿನವುಗಳನ್ನು ತೆಗೆಯಬೇಕು. ಎರಡು ಗಿಣ್ಣುಗಳು ಮಣ್ಣಿನೊಳಗೆ ಸೇರುವಂತೆ ನೆಟ್ಟು ನೆರಳಿನಲ್ಲಿಟ್ಟರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತದೆ. ಗಿಡವನ್ನು ಮೆಲ್ಲನೆ ಎಳೆದಾಗ ಬಿಗಿಯಾಗಿ ನಿಂತರೆ ಬೇರು ಹಿಡಿದಿದೆ ಎಂದರ್ಥ.

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸಾಕು. ಮರಳು ದೊರೆಯದಿದ್ದರೆ ಮುರಕಲ್ಲಿನ ಸಣ್ಣ ಪುಡಿಯನ್ನು ಬಳಸಬಹುದು. ರಾಸಾಯನಿಕ ಗೊಬ್ಬರದ ಅವಶ್ಯಕತೆಯಿಲ್ಲ. ಬೆಳಗಿನ ಬಿಸಿಲು ಮೂರು ನಾಲ್ಕು ಗಂಟೆ ಬಿದ್ದು ಮಧ್ಯಾಹ್ನ ನೆರಳಿರುವ ಸ್ಥಳ ಉತ್ತಮ. ದಪ್ಪನೆಯ ಎಲೆಗಳಲ್ಲಿ ನೀರು ಸಂಗ್ರಹವಾಗಿರುವುದರಿಂದ ಬೇಸಿಗೆಯಲ್ಲಿಯೂ ಎರಡು ದಿನಕ್ಕೊಮ್ಮೆ ನೀರು ಕೊಟ್ಟರೆ ಸಾಕಾಗುತ್ತದೆ. ಮೇಲ್ಮಣ್ಣು ಒಣಗಿದ ಬಳಿಕವೇ ನೀರು ಹಾಕುವುದು ಸರಿಯಾದ ಕ್ರಮ.

ನಮ್ಮ ಕರಾವಳಿಯಲ್ಲಿ ಈ ಗಿಡ ಸಾಯುವುದು ನೀರಿನ ಕೊರತೆಯಿಂದಲ್ಲ, ನೀರು ಹೆಚ್ಚಾಗಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ನಾಲ್ಕು ತಿಂಗಳಿನಲ್ಲಿಯೇ ಸುರಿಯುತ್ತದೆ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವೆಲ್ಲ ನೀರಿನಿಂದ ತುಂಬಿದಾಗ ಬೇರಿಗೆ ಆಮ್ಲಜನಕ ದೊರೆಯದೆ ಕೊಳೆತ ಆರಂಭವಾಗುತ್ತದೆ. ಪರಿಸರ ದಿನದಂದು, ಅಂದರೆ ಮುಂಗಾರಿನ ಬಾಗಿಲಲ್ಲಿ, ದೊಡ್ಡಪತ್ರೆ ಹಂಚಿದ ನಮ್ಮ ತಪ್ಪು ಇಲ್ಲಿಯೇ ಇತ್ತು. ಕಾಡುಮರದ ಸಸಿಗೆ ಜೂನ್ ಸೂಕ್ತ ಸಮಯ. ದೊಡ್ಡಪತ್ರೆಗೆ ಮಳೆ ಇಳಿದ ಬಳಿಕ, ಸೆಪ್ಟೆಂಬರ್ ಅಂತ್ಯದಿಂದ ಡಿಸೆಂಬರ್‌ವರೆಗಿನ ಅವಧಿ ಸೂಕ್ತ. ಮಳೆಗಾಲದಲ್ಲಿ ಒಂದು ತಾಯಿಗಿಡವನ್ನು ಜಗಲಿಯಲ್ಲಿ, ಸೂರಿನ ನೀರು ಬೀಳದಂತೆ ಒಳಸರಿಸಿ ಇಟ್ಟುಕೊಂಡರೆ ಮುಂದಿನ ವರ್ಷದ ತುಂಡುಗಳಿಗೆ ಚಿಂತೆಯಿಲ್ಲ.

ತುದಿಗಳನ್ನು ಚಿವುಟುತ್ತಿದ್ದರೆ ಗಿಡ ಪೊದೆಯಾಗಿ ಹರಡುತ್ತದೆ. ವರ್ಷ ಕಳೆದಂತೆ ಕಾಂಡ ಗಟ್ಟಿಯಾಗಿ ಎಲೆಗಳು ಸಣ್ಣದಾಗುವುದರಿಂದ ವರ್ಷಕ್ಕೊಮ್ಮೆ ಹೊಸ ತುಂಡನ್ನು ನೆಟ್ಟು ಹಳೆಯ ಗಿಡವನ್ನು ತೆಗೆಯುವುದು ಒಳ್ಳೆಯದು. ಬಿಳಿ ಹಿಟ್ಟು ತಿಗಣೆ ಕಂಡರೆ ಬಟ್ಟೆಯಿಂದ ಒರೆಸಿ, ಸಾಬೂನಿನ ತಿಳಿನೀರನ್ನು ಸಿಂಪಡಿಸಿ ಮರುದಿನ ಶುದ್ಧ ನೀರಿನಿಂದ ತೊಳೆಯಬಹುದು.

ಅಡಿಕೆ ತೋಟವಿರುವ ಮನೆಗಳು ಇನ್ನೊಂದು ಎಚ್ಚರವನ್ನು ವಹಿಸಬೇಕು. ಕೊಳೆರೋಗದ ತಡೆಗಾಗಿ ಮಳೆಗಾಲದ ಆರಂಭದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಮರದ ಎತ್ತರದಿಂದ ತೇಲಿ ಬರುವ ಹನಿಗಳು ಅಂಗಳದ ಸೊಪ್ಪಿನ ಮೇಲೆ ಬೀಳುತ್ತವೆ. ಸಿಂಪಡಣೆಗೆ ಮೊದಲು ಕುಂಡವನ್ನು ಒಳಗಿಡಬೇಕು. ನೀಲಿ ಕಲೆ ಕಂಡ ಎಲೆಗಳನ್ನು ಬಳಸದೆ ಕಿತ್ತೆಸೆಯಬೇಕು.

ಕುಂಡದ ತಳ: ತಟ್ಟೆಯ ಬದಲು ಹಂಚಿನ ಚೂರು

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ ಬೇಕಿಲ್ಲ, ಕೊಳಚೆಯೂ ಬೇಕಿಲ್ಲ. ಅಂಗೈಯಗಲದ ತಿಳಿನೀರು ಸಾಕು. ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನಗಳು ಹಿಡಿಯುತ್ತವೆ. ಪಾತ್ರೆಯ ಒಳಅಂಚಿಗೆ ಅಂಟಿದ ಮೊಟ್ಟೆಗಳು ನೀರು ಆರಿದರೂ ತಿಂಗಳುಗಟ್ಟಲೆ ಜೀವಂತವಾಗಿದ್ದು ಪುನಃ ನೀರು ತಗುಲಿದಾಗ ಒಡೆಯುತ್ತವೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಅಂಚನ್ನು ಉಜ್ಜಿ ತೊಳೆಯಬೇಕು. ಮಂಗಳೂರು ನಗರದಲ್ಲಿ 2019ರ ಮಳೆಗಾಲದಲ್ಲಿ ಡೆಂಗಿ ವ್ಯಾಪಕವಾಗಿ ಹರಡಿದ್ದನ್ನು ತಾವು ಮರೆತಿರಲಾರಿರಿ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವ ಮನೆ, ಕಟ್ಟಡಗಳಿಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಒಂದು ಕೈಯಿಂದ ತಟ್ಟೆ ಸಹಿತ ಕುಂಡ ಕೊಟ್ಟು ಇನ್ನೊಂದು ಕೈಯಿಂದ ದಂಡದ ಚೀಟಿ ಕೊಡುವ ಪರಿಸ್ಥಿತಿ ಪಂಚಾಯತ್‌ಗೆ ಬರಬಾರದು.

ಇದಕ್ಕೆ ಪರಿಹಾರ ಸರಳ. ತಟ್ಟೆಯನ್ನೇ ಕೊಡಬಾರದು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಊರು ನಮ್ಮದು. ಒಡೆದ ಹಂಚು ದೊರೆಯದ ಹಿತ್ತಲು ಇಲ್ಲಿ ಕಡಿಮೆ. ಸಮಾನ ದಪ್ಪದ ಮೂರು ಹಂಚಿನ ಚೂರುಗಳನ್ನು ತ್ರಿಕೋನಾಕಾರದಲ್ಲಿ ಮಟ್ಟಸವಾಗಿ ಇಟ್ಟು ಅವುಗಳ ಮೇಲೆ ಕುಂಡವನ್ನು ಇರಿಸಬೇಕು. ಮೂರು ಆಧಾರಗಳ ಮೇಲೆ ನಿಂತ ವಸ್ತು ಅಲುಗಾಡುವುದಿಲ್ಲ. ಕುಂಡದ ತಳ ನೆಲದಿಂದ ಮೇಲೇರುವುದರಿಂದ ನೀರು ಸರಾಗವಾಗಿ ಹೊರಹರಿದು ಮಣ್ಣಿನಲ್ಲಿ ಇಂಗುತ್ತದೆ. ಕುಂಡದ ತಳದಲ್ಲಿ ಕಿರುಬೆರಳು ತೂರುವಷ್ಟು ಅಗಲದ ಎರಡು ರಂಧ್ರಗಳಾದರೂ ಇರಬೇಕು. ಮಣ್ಣು ಜಾರದಂತೆ ಒಳಗಿನಿಂದ ರಂಧ್ರದ ಮೇಲೆ ಬಾಗಿದ ಹಂಚಿನ ಚೂರೊಂದನ್ನು ಇಟ್ಟರೆ ಸಾಕು. ಬೇರು ಕೊಳೆಯುವುದನ್ನು ತಪ್ಪಿಸುವ ವ್ಯವಸ್ಥೆಯೇ ಸೊಳ್ಳೆಯನ್ನೂ ತಪ್ಪಿಸುತ್ತದೆ. ಗಿಡಕ್ಕೂ ಮನೆಯವರಿಗೂ ಬೇಕಾದದ್ದು ಇಲ್ಲಿ ಒಂದೇ ಆಗಿದೆ.

ಮಹಡಿ ಮನೆಯವರು ತಟ್ಟೆ ಬೇಕೇ ಬೇಕೆಂದರೆ ಅದರ ತುಂಬ ಮರಳು ಹರಡಿ, ನೀರು ಮೇಲೆ ನಿಲ್ಲದಂತೆ ನೋಡಿಕೊಳ್ಳಬೇಕು. ವಾರಕ್ಕೊಂದು ದಿನ ಕುಂಡಗಳ ಸುತ್ತ ನೋಡುವಾಗ ತೆಂಗಿನ ಚಿಪ್ಪು, ಅಡಿಕೆ ಹಾಳೆ, ಹಳೆ ಟಯರು, ರಬ್ಬರ್ ತೋಟದ ಹಾಲಿನ ಚಿಪ್ಪುಗಳನ್ನೂ ಬೋರಲು ಹಾಕುವುದು ರೂಢಿಯಾಗಬೇಕು.

ಅಡುಗೆಮನೆಯಲ್ಲಿ

ದೊಡ್ಡಪತ್ರೆಗೆ ನಮ್ಮ ಜಿಲ್ಲೆಯಲ್ಲಿರುವ ಅತ್ಯಂತ ಸುರಕ್ಷಿತ ಮತ್ತು ಹಳೆಯ ಸ್ಥಾನ ಅಡುಗೆಮನೆ. ತಂಬುಳಿಯ ಕ್ರಮ ಹೀಗಿದೆ: ಹತ್ತು ಹನ್ನೆರಡು ಎಲೆಗಳನ್ನು ಹರಿಯುವ ನೀರಿನಲ್ಲಿ ತೊಳೆದು ಹೆಚ್ಚಿಕೊಳ್ಳಬೇಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಎಲೆಗಳನ್ನೂ ಹಾಕಿ ಬಾಡಿಸಬೇಕು. ಆರಿದ ಬಳಿಕ ಅರ್ಧ ಬಟ್ಟಲು ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಬಟ್ಟಲು ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಬೇಕು. ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ನಾಲ್ಕು ಜನರ ಊಟಕ್ಕೆ ಸಾಕಾಗುತ್ತದೆ. ತಂಬುಳಿಯನ್ನು ಕುದಿಸುವುದಿಲ್ಲ, ಆದ್ದರಿಂದ ಎಲೆ ತೊಳೆಯುವ ನೀರು ಮತ್ತು ಮಜ್ಜಿಗೆ ಎರಡೂ ಶುದ್ಧವಾಗಿರಬೇಕು. ಮಾಡಿದ ದಿನವೇ ಮುಗಿಸಬೇಕು.

ಇದಲ್ಲದೆ ಚಟ್ನಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಪೋಡಿ, ಸಾರಿಗೆ ಕೊನೆಯಲ್ಲಿ ಹಾಕುವ ಎರಡು ಎಲೆ, ಹೀಗೆ ಬಳಕೆಗಳು ಅನೇಕ. ಘಾಟು ಹೆಚ್ಚಿರುವುದರಿಂದ ಇದನ್ನು ಬಸಳೆ, ಹರಿವೆಯಂತೆ ರಾಶಿ ಹಾಕಿ ಪಲ್ಯ ಮಾಡುವ ಕ್ರಮವಿಲ್ಲ. ಹಿರಿಯರ ಈ ರೂಢಿಯಲ್ಲಿಯೇ ಒಂದು ಪ್ರಮಾಣವಿದೆ: ಊಟಕ್ಕೆ ಒಬ್ಬರಿಗೆ ಮೂರು ನಾಲ್ಕು ಎಲೆ.

ಔಷಧವಾಗಿ: ಎಲ್ಲಿಯವರೆಗೆ

ಸಾಮಾನ್ಯ ನೆಗಡಿ, ಗಂಟಲು ಕೆರೆತ, ಊಟದ ನಂತರದ ಹೊಟ್ಟೆಯುಬ್ಬರಕ್ಕೆ ದೊಡ್ಡವರು ಮೂರು ನಾಲ್ಕು ಎಲೆಗಳ ಕಷಾಯವನ್ನು ಕುಡಿಯುವುದು, ಎಲೆಯನ್ನು ಉಪ್ಪಿನೊಂದಿಗೆ ಅಗಿಯುವುದು ನಮ್ಮ ಮನೆಗಳ ರೂಢಿ. ಇಂತಹ ತೊಂದರೆಗಳು ಕೆಲವು ದಿನಗಳಲ್ಲಿ ತಾವಾಗಿಯೇ ಕಡಿಮೆಯಾಗುವಂಥವು. ಅಷ್ಟು ದಿನ ಎಲೆಯು ಹಿತ ನೀಡುತ್ತದೆ. ಗರ್ಭಿಣಿಯರು ಮತ್ತು ನಿತ್ಯ ಔಷಧ ಸೇವಿಸುವವರು ಕಷಾಯದ ವಿಷಯದಲ್ಲಿ ಮೊದಲು ವೈದ್ಯರನ್ನು ಕೇಳಬೇಕು. ಸದಸ್ಯರು ತಮ್ಮ ವಾರ್ಡಿನ ಮನೆಗಳಿಗೆ ತಿಳಿಸಬೇಕಾದ ಮಿತಿಗಳು ಹೀಗಿವೆ.

ಆರು ತಿಂಗಳೊಳಗಿನ ಮಗುವಿಗೆ ತಾಯಿಯ ಹಾಲಲ್ಲದೆ, ಮತ್ತು ವೈದ್ಯರು ಹೇಳಿದ ಔಷಧವಲ್ಲದೆ, ಯಾವ ರಸವನ್ನೂ ಕೊಡಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಹಸುಗೂಸಿನ ಕರುಳಿನಲ್ಲಿ ಬೆಳೆದು ವಿಷ ಉತ್ಪಾದಿಸಬಲ್ಲವು. ಎಲೆಯ ರಸವನ್ನು ಮಗುವಿನ ಮೂಗಿಗೆ, ಕಿವಿಗೆ ಹಿಂಡಬಾರದು. ಬಿಸಿನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡುವಾಗ ಪಾತ್ರೆ ಮಗುಚಿ ಸುಡುವ ಅಪಾಯವಿರುವುದರಿಂದ ಅದನ್ನೂ ಮಾಡಬಾರದು.

ಕೆಮ್ಮಿರುವ ಮಗುವಿನ ಉಸಿರನ್ನು ಎಣಿಸಬೇಕು. ಮಗು ಶಾಂತವಾಗಿರುವಾಗ ಹೊಟ್ಟೆ, ಎದೆಯ ಏರಿಳಿತವನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಅಧಿಕ, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಅಧಿಕ, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅಧಿಕ ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಸೇರುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ ಅಥವಾ ಸೆಳೆತ ಬಂದರೆ ಕಾಯದೆ 108ಕ್ಕೆ ಕರೆ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಈ ಅಳತೆಗೆ ಗಡಿಯಾರವೊಂದನ್ನು ಬಿಟ್ಟು ಬೇರೆ ಉಪಕರಣ ಬೇಕಿಲ್ಲ.

ಜ್ವರಕ್ಕೆ ದೊಡ್ಡಪತ್ರೆ ಚಿಕಿತ್ಸೆಯಲ್ಲ. ಪನಿಕೂರ್ಕ ಎಂಬ ಹೆಸರಿನಲ್ಲಿ ಜ್ವರವಿದ್ದರೂ ಮಂಗಳೂರಿನಲ್ಲಿ ಜ್ವರವೆಂದರೆ ಮೊದಲು ಮಲೇರಿಯಾ ಮತ್ತು ಡೆಂಗಿಯನ್ನು ನೆನೆಯಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾ ರಕ್ತಪರೀಕ್ಷೆ ಉಚಿತ. ಜ್ವರ ಇಳಿಯುವ ಹೊತ್ತಿಗೆ ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಅತಿಯಾದ ನಿಶ್ಶಕ್ತಿ ಕಂಡರೆ ಅದು ಡೆಂಗಿಯ ಅಪಾಯದ ಸೂಚನೆ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮೈಮೇಲೆ ಪಿತ್ತದ ಗಂದೆ ಎದ್ದಾಗ ಈ ಎಲೆಯನ್ನು ತಿಕ್ಕುವ ರೂಢಿಯಿದೆ. ತುರಿಕೆಯೊಂದಿಗೆ ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಅದು ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗಬಹುದಾದ ಅಲರ್ಜಿ. ಆಗ ಎಲೆ ಹುಡುಕುತ್ತ ಕಾಲ ಕಳೆಯಬಾರದು.

ಗ್ರಾಮ ಪಂಚಾಯತ್ ಏನು ಮಾಡಬಹುದು

ಈ ಕಾರ್ಯಕ್ರಮಕ್ಕೆ ಅನುದಾನದ ಅವಶ್ಯಕತೆಯಿಲ್ಲ ಎಂಬುದೇ ಇದರ ಅನುಕೂಲ. ಎಂಟು ಅಂಗನವಾಡಿಗಳಿರುವ ಒಂದು ಪಂಚಾಯತ್ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಪ್ರತಿ ಅಂಗನವಾಡಿಯ ಅಂಗಳದಲ್ಲಿ ಮೂರು ತಾಯಿಗಿಡಗಳನ್ನು ಬೆಳೆಸಿ, ಪ್ರತಿ ಗಿಡದಿಂದ ಹತ್ತು ತುಂಡುಗಳನ್ನು ತೆಗೆದರೆ ಒಟ್ಟು 240 ತುಂಡುಗಳಾಗುತ್ತವೆ. ಮೂರರಲ್ಲಿ ಒಂದು ಪಾಲು ಸತ್ತರೂ 160 ಮನೆಗಳಲ್ಲಿ ಗಿಡ ನಿಲ್ಲುತ್ತದೆ. ಅವುಗಳಲ್ಲಿ ಅರ್ಧದಷ್ಟು ಮನೆಯವರು ನೆರೆಯ ಎರಡೆರಡು ಮನೆಗಳಿಗೆ ತುಂಡು ಕೊಟ್ಟು ಬೆಳೆಸಿದರೂ ಮತ್ತೆ 160 ಮನೆಗಳು ಸೇರುತ್ತವೆ. ಖರೀದಿ ಇಲ್ಲ, ಟೆಂಡರ್ ಇಲ್ಲ, ಪ್ಲಾಸ್ಟಿಕ್ ಇಲ್ಲ.

ಮೊದಲನೆಯದಾಗಿ, ವಿತರಣೆಯನ್ನು ಜೂನ್ ತಿಂಗಳಿನಿಂದ ಅಕ್ಟೋಬರ್‌ಗೆ ಬದಲಿಸಬೇಕು. ಗಾಂಧಿ ಜಯಂತಿಯ ಸ್ವಚ್ಛತಾ ಕಾರ್ಯಕ್ರಮದೊಂದಿಗೆ ಇದನ್ನು ಜೋಡಿಸಿದರೆ ಗಿಡ ಮತ್ತು ಸ್ವಚ್ಛತೆ ಎರಡರ ಸಂದೇಶವೂ ಒಟ್ಟಿಗೆ ತಲುಪುತ್ತದೆ.

ಎರಡನೆಯದಾಗಿ, ತುಂಡಿನೊಂದಿಗೆ ಮೂರು ಹಂಚಿನ ಚೂರುಗಳನ್ನೂ ಕೊಟ್ಟು ಇಡುವ ಕ್ರಮವನ್ನು ಅಲ್ಲಿಯೇ ತೋರಿಸಬೇಕು. ಹಳೆಯ ಡಬ್ಬಿ, ಬಕೆಟ್‌ಗಳನ್ನು ಕುಂಡವಾಗಿ ಬಳಸುವವರಿಗೆ ರಂಧ್ರ ಕೊರೆಯಲು ನೆರವಾಗಬೇಕು. ಬಣ್ಣ ಅಥವಾ ಕೀಟನಾಶಕ ತುಂಬಿದ್ದ ಡಬ್ಬಿಗಳನ್ನು ಬಳಸಬಾರದು.

ಮೂರನೆಯದಾಗಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರಿಂದ ಉಸಿರು ಎಣಿಸುವ ಪ್ರಾತ್ಯಕ್ಷಿಕೆ ಏರ್ಪಡಿಸಬೇಕು. ತಾಯಂದಿರು ಸ್ವತಃ ಗಡಿಯಾರ ಹಿಡಿದು ಎಣಿಸಿದ ಬಳಿಕ ಗಿಡ ಕೊಡುವ ಕ್ರಮವನ್ನು ಇಟ್ಟುಕೊಂಡರೆ ಎರಡೂ ನೆನಪಿನಲ್ಲಿ ಉಳಿಯುತ್ತವೆ. 60, 50, 40 ಎಂಬ ಮೂರು ಅಂಕೆಗಳನ್ನು ಅಂಗನವಾಡಿಯ ಗೋಡೆಯ ಮೇಲೆ ಬರೆಸಲು ಹೆಚ್ಚು ಬಣ್ಣ ಬೇಕಿಲ್ಲ.

ನಾಲ್ಕನೆಯದಾಗಿ, 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಅನೇಕ ಕಡೆ ಈ ದಾಖಲಾತಿ ಕಪಾಟಿನಲ್ಲಿಯೇ ಉಳಿಯುತ್ತದೆ. ನಮ್ಮ ಹಿರಿಯ ಮಹಿಳೆಯರು ಯಾವ ಸೊಪ್ಪನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಯಾವ ಅಡುಗೆಗೆ ಬಳಸುತ್ತಾರೆ ಎಂಬುದನ್ನು ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಹೆಸರುಗಳ ಸಹಿತ ಅದರಲ್ಲಿ ಸೇರಿಸುವ ಕೆಲಸವನ್ನು ಸಂಜೀವಿನಿ ಒಕ್ಕೂಟಗಳ ಸದಸ್ಯೆಯರು ಚೆನ್ನಾಗಿ ಮಾಡಬಲ್ಲರು. ಬೆಳೆಸುವ ಕ್ರಮದ ಬಗ್ಗೆ ಸಂಶಯಗಳಿದ್ದರೆ ಮಂಗಳೂರಿನ ಕಂಕನಾಡಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಔಷಧೀಯ ಸಸ್ಯಗಳನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಮೂಡುಶೆಡ್ಡೆಯ ಪಿಲಿಕುಳ ನಿಸರ್ಗಧಾಮದ ಸಸ್ಯವನಕ್ಕೆ ಶಾಲೆಗಳ ಭೇಟಿ ಏರ್ಪಡಿಸಬಹುದು.

ಐದನೆಯದಾಗಿ, ಮೂರು ತಿಂಗಳ ಬಳಿಕ ಮನೆಮನೆಗೆ ಹೋಗಿ ಎಣಿಸಬೇಕು. ಎಷ್ಟು ಗಿಡ ಹಂಚಲಾಯಿತು ಎಂಬ ಅಂಕಿ ನಮ್ಮ ವರದಿಗಳಲ್ಲಿ ಸದಾ ಇರುತ್ತದೆ. ಎಷ್ಟು ಉಳಿದಿವೆ, ಎಷ್ಟು ಕುಂಡಗಳ ಕೆಳಗೆ ನೀರು ನಿಂತಿದೆ ಎಂಬ ಅಂಕಿಗಳೂ ವರದಿಗೆ ಸೇರಬೇಕು.

ಮೊದಲು ಹೇಳಿದ ಮಗುವಿನ ಮನೆಗೆ ಮರುವರ್ಷ ತೆರಿಗೆ ಸಂಬಂಧಿತ ಕೆಲಸಕ್ಕಾಗಿ ಹೋಗಿದ್ದೆ. ಜಗಲಿಯ ಅಂಚಿನಲ್ಲಿ ಮೂರು ಹಂಚಿನ ಚೂರುಗಳ ಮೇಲೆ ಒಂದು ಹಳೆಯ ಡಬ್ಬಿ, ಅದರಲ್ಲಿ ಸೊಂಪಾಗಿ ಬೆಳೆದ ದೊಡ್ಡಪತ್ರೆ ಇತ್ತು. ಮಗು ಅದರ ಎಲೆಯೊಂದನ್ನು ಕಿತ್ತು ಮೂಸಿ ಮುಖ ಕಿವುಚಿತು. ಈಗಲೂ ಕೆಮ್ಮಿಗೆ ಇದನ್ನೇ ಕೊಡುತ್ತೀರಾ ಎಂದು ಕೇಳಿದಾಗ ತಾಯಿ ಹೇಳಿದ್ದು ಇಷ್ಟೇ: ತಂಬುಳಿ ಮಾಡುತ್ತೇವೆ ಸರ್, ಕೆಮ್ಮು ಬಂದರೆ ಮೊದಲು ಎಣಿಸುತ್ತೇವೆ.

ತಮ್ಮ ವಾರ್ಡಿನ ಪ್ರತಿ ಮನೆಯಲ್ಲಿ ಈ ಉತ್ತರ ದೊರೆಯುವಂತಾಗಲಿ ಎಂದು ವಿನಂತಿಸುತ್ತೇನೆ.

— ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಮಂಗಳೂರು ತಾಲೂಕು